ಹೊಸ ಯೋಚನೆಗೂ ಒಂದು ಕ್ರಮವಿದೆ: ಮೀಟಿಂಗು, ಕಾಗದ, ನಡಿಗೆ ಮತ್ತು ಎಐ

ಕಚೇರಿಯಲ್ಲಿ ಹೊಸ ಐಡಿಯಾ ಬೇಕಾದಾಗ ಮೊದಲು ಆಗುವ ಕೆಲಸ ಮೀಟಿಂಗ್ ಕರೆಯುವುದು. ಹತ್ತು ಜನ ಮೇಜಿನ ಸುತ್ತ ಕೂರುತ್ತಾರೆ. ಮ್ಯಾನೇಜರು "ಯಾರು ಏನು ಬೇಕಾದರೂ ಹೇಳಬಹುದು" ಅನ್ನುತ್ತಾರೆ. ಇಬ್ಬರೋ ಮೂವರೋ ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಗಂಟೆಯ ಕೊನೆಗೆ ಬೋರ್ಡಿನ ಮೇಲೆ ಏಳೆಂಟು ಸಾಲು ಇರುತ್ತವೆ, ಅದರಲ್ಲಿ ಐದು ಕಳೆದ ವರ್ಷದವು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇದಕ್ಕೆ ಇನ್ನೊಂದು ರೂಢಿ ಸೇರಿಕೊಂಡಿದೆ. ಮೀಟಿಂಗಿಗೆ ಹೊರಡುವ ಮುನ್ನ ಎಲ್ಲರೂ ಎಐ ಬಳಿ ಕೇಳಿಕೊಂಡು ಬರುತ್ತಾರೆ. ಪಟ್ಟಿಗಳು ಉದ್ದವಾಗಿವೆ, ಆದರೆ ಎಲ್ಲರ ಪಟ್ಟಿಯೂ ಒಂದನ್ನೊಂದು ಹೋಲುತ್ತದೆ.

ಇಲ್ಲಿ ಜನರ ತಲೆಯಲ್ಲೂ ದೋಷವಿಲ್ಲ, ಯಂತ್ರದಲ್ಲೂ ಇಲ್ಲ. ತಪ್ಪಿರುವುದು ಕ್ರಮ. ಒಗ್ಗರಣೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದರೆ ಸಿಡಿಯುವುದಿಲ್ಲ, ಇಂಗನ್ನು ತೀರ ಮೊದಲೇ ಹಾಕಿದರೆ ಸೀದುಹೋಗುತ್ತದೆ. ಸಾಮಾನು ಅದೇ, ರುಚಿ ಬೇರೆ. ಒಬ್ಬೊಬ್ಬರೇ ಯೋಚಿಸುವುದು, ಒಟ್ಟಾಗಿ ಯೋಚಿಸುವುದು, ಸುಮ್ಮನಿರುವುದು, ಯಂತ್ರವನ್ನು ಕೇಳುವುದು, ಆರಿಸುವುದು ಎಲ್ಲವೂ ಬೇಕು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರ ಮೇಲೆ ಫಲ ನಿಂತಿದೆ.

ಬಾಯಿ ತೆರೆಯುವ ಮೊದಲು ಪೆನ್ನು ತೆರೆಯಿರಿ

ಗುಂಪಾಗಿ ಕೂತು ಐಡಿಯಾ ಹೇಳುವ 'ಬ್ರೈನ್‌ಸ್ಟಾರ್ಮಿಂಗ್' ಪದ್ಧತಿಯನ್ನು ಜಗತ್ತಿಗೆ ಹಬ್ಬಿಸಿದ್ದು ಅಮೆರಿಕದ ಜಾಹೀರಾತು ಕಂಪನಿ ಬಿಬಿಡಿಒದ ಅಲೆಕ್ಸ್ ಆಸ್ಬಾರ್ನ್. 1953ರ ಪುಸ್ತಕದಲ್ಲಿ ಅವರು ಕೊಟ್ಟ ನಿಯಮಗಳು ನಾಲ್ಕು: ಟೀಕೆ ಬೇಡ, ಸಂಖ್ಯೆ ಹೆಚ್ಚಿರಲಿ, ವಿಚಿತ್ರ ಯೋಚನೆಯೂ ಬರಲಿ, ಒಬ್ಬರದನ್ನು ಇನ್ನೊಬ್ಬರು ಬೆಳೆಸಲಿ. ಈ ನಿಯಮಗಳು ಇವತ್ತಿಗೂ ಒಳ್ಳೆಯವೇ. ಆದರೆ ಗುಂಪಿನಲ್ಲಿ ಕೂತರೆ ಒಬ್ಬೊಬ್ಬರಿಗೆ ಹೆಚ್ಚು ಹೊಳೆಯುತ್ತದೆ ಎಂಬ ಅವರ ನಂಬಿಕೆ ಪರೀಕ್ಷೆಗೆ ನಿಲ್ಲಲಿಲ್ಲ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕು ಜನರ ಗುಂಪುಗಳನ್ನೂ, ಬೇರೆ ಬೇರೆ ಕೂತು ಕೆಲಸ ಮಾಡಿದ ನಾಲ್ಕು ನಾಲ್ಕು ಜನರ ಒಟ್ಟು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಬ್ಬೊಬ್ಬರೇ ಕೂತವರ ಪಟ್ಟಿ ಉದ್ದವೂ ಇತ್ತು, ಅದರಲ್ಲಿ ಬೇರೆ ಯಾರಿಗೂ ಹೊಳೆಯದ ಅಂಶಗಳೂ ಹೆಚ್ಚಿದ್ದವು.

ಯಾಕೆ ಹೀಗೆ? 1987ರಲ್ಲಿ ಜರ್ಮನಿಯ ಡೀಲ್ ಮತ್ತು ಸ್ಟ್ರೋಬೆ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಸಂಕೋಚ, ಸೋಮಾರಿತನ ಇವೆಲ್ಲಕ್ಕಿಂತ ದೊಡ್ಡ ಕಾರಣ ತೀರ ಸರಳವಾಗಿತ್ತು. ಗುಂಪಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಹತ್ತು ಜನ, ಒಂದು ಗಂಟೆ ಅಂದರೆ ತಲೆಗೆ ಆರು ನಿಮಿಷ ಮಾತು, 54 ನಿಮಿಷ ಕಾಯುವುದು. ಕಾಯುವಾಗ ಹೊಳೆದದ್ದನ್ನು ಮರೆಯದಂತೆ ಹಿಡಿದಿಟ್ಟುಕೊಳ್ಳಬೇಕು. ಹಿಡಿದಿಟ್ಟುಕೊಂಡ ತಲೆಯಲ್ಲಿ ಎರಡನೆಯದು ಹುಟ್ಟುವುದಿಲ್ಲ. ಸರದಿ ಬರುವ ಹೊತ್ತಿಗೆ "ಅವರು ಹೇಳಿದ್ದೂ ಸುಮಾರು ಇದೇ ಅಲ್ಲವಾ" ಅನ್ನಿಸಿ ಬಾಯಿ ಮುಚ್ಚಿಹೋಗುತ್ತದೆ.

ನಮ್ಮ ಕಚೇರಿಗಳಲ್ಲಿ ಇದರ ಮೇಲೆ ಇನ್ನೆರಡು ಭಾರ ಕೂರುತ್ತವೆ. ಒಂದು, ದೊಡ್ಡವರು ಬಾಯಿಬಿಟ್ಟ ಮೇಲೆ ಚಿಕ್ಕವರು ಅದರ ಆಚೆಗೆ ಹೋಗುವುದಿಲ್ಲ. ಇನ್ನೊಂದು, ಭಾಷೆ. ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರ ಎಲ್ಲಿ ತಡವರಿಸುತ್ತದೆ ಅನ್ನುವುದು ಆಪರೇಟರಿಗೆ ಗೊತ್ತು. ಗ್ರಾಹಕ ಗೇಟಿನಲ್ಲಿ ಯಾಕೆ ಸಿಡುಕುತ್ತಾನೆ ಅನ್ನುವುದು ಡೆಲಿವರಿ ಹುಡುಗನಿಗೆ ಗೊತ್ತು. ಮೀಟಿಂಗ್ ಇಂಗ್ಲಿಷಿನಲ್ಲಿ ನಡೆದರೆ ಆ ತಿಳಿವಳಿಕೆಯೆಲ್ಲ ಕುರ್ಚಿಯ ಮೇಲೆ ಸುಮ್ಮನೆ ಕೂತಿರುತ್ತದೆ. ಇದು ದೊಡ್ಡ ನಷ್ಟ, ಮತ್ತು ಇದನ್ನು ತಪ್ಪಿಸುವುದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮದ್ದು 1968ರಲ್ಲೇ ಇದೆ. ಜರ್ಮನಿಯ ಬರ್ಂಡ್ ರೋರ್‌ಬಾಖ್ ಹೇಳಿದ 6-3-5 ವಿಧಾನದಲ್ಲಿ ಆರು ಜನ ತಲಾ ಮೂರು ಐಡಿಯಾವನ್ನು ಐದು ನಿಮಿಷದಲ್ಲಿ ಬರೆಯುತ್ತಾರೆ. ಎ4 ಹಾಳೆಯನ್ನು ಅಡ್ಡ ಇಟ್ಟು ಮೂರು ಕಂಬಸಾಲು, ಆರು ಅಡ್ಡಸಾಲು ಗೆರೆ ಎಳೆದರೆ 18 ಮನೆಗಳಾಗುತ್ತವೆ. ಎಲ್ಲರೂ ಮೊದಲ ಅಡ್ಡಸಾಲಿನ ಮೂರು ಮನೆ ತುಂಬುತ್ತಾರೆ. ಐದು ನಿಮಿಷಕ್ಕೆ ಹಾಳೆ ಬಲಗಡೆಯವರಿಗೆ ಹೋಗುತ್ತದೆ. ಅವರು ಓದಿ, ಅದನ್ನೇ ಬೆಳೆಸಿಯೋ ತಿರುಗಿಸಿಯೋ ಕೆಳಗಿನ ಸಾಲು ಬರೆಯುತ್ತಾರೆ. ಅರ್ಧ ಗಂಟೆಯಲ್ಲಿ ಆರು ಹಾಳೆ, 108 ಮನೆ. ಮಾತೇ ಇಲ್ಲ.

ಪುಸ್ತಕದಲ್ಲಿ ಇರುವಷ್ಟು ನುಣುಪಾಗಿ ಇದು ನಡೆಯುವುದಿಲ್ಲ. 108ರಲ್ಲಿ ಪುನರಾವರ್ತನೆ ಬಹಳ ಇರುತ್ತದೆ, ಅದಕ್ಕೆ ನಿರಾಶರಾಗಬೇಕಿಲ್ಲ. ನಾಲ್ಕನೆಯ ಸುತ್ತಿನಿಂದ ಓದುವುದಕ್ಕೇ ಎರಡು ನಿಮಿಷ ಹೋಗುವುದರಿಂದ ಏಳು ನಿಮಿಷ ಕೊಡಬೇಕು, ಇಲ್ಲದಿದ್ದರೆ ಜನ ಮನೆ ತುಂಬಿಸುವುದಕ್ಕೆ ಏನೋ ಗೀಚುತ್ತಾರೆ. ಒಂದೇ ಪದ ಬರೆದ ಮನೆಗಳು ನಿರುಪಯೋಗಿ. "ರಿಯಾಯಿತಿ" ಅಂತ ಬರೆದರೆ ಮುಂದಿನವರು ಏನನ್ನು ಬೆಳೆಸಬೇಕು? ಯಾರು, ಏನನ್ನು, ಎಲ್ಲಿ ಮಾಡಬೇಕು ಅನ್ನುವ ಒಂದು ಪೂರ್ತಿ ವಾಕ್ಯ ಇರಲೇಬೇಕು. ಸಾಹೇಬರ ಕೈಬರಹ ಎಲ್ಲರಿಗೂ ಗೊತ್ತಿರುವ ಕಡೆ ಅವರು ಬರೆಯದೆ ಗಡಿಯಾರ ನೋಡಿಕೊಂಡರೆ ಸಾಕು. ಭಾಷೆ ಯಾವುದಾದರೂ ಆಗಲಿ ಅಂತ ಮೊದಲೇ ಹೇಳಿಬಿಡಿ. ಕನ್ನಡ, ಇಂಗ್ಲಿಷು, ಹಿಂದಿ, ಚಿತ್ರ, ಏನಾದರೂ ಸರಿ. ನಾಲ್ಕು ಜನ ಇದ್ದರೂ ವಿಧಾನ ನಡೆಯುತ್ತದೆ. ಎಂಟು ದಾಟಿದರೆ ಎರಡು ಗುಂಪು ಮಾಡಿ.

ಆರನೆಯದರ ಆಚೆ

ಒಬ್ಬರೇ ಕೂತು ಯೋಚಿಸುವಾಗ ಎಡವುವ ಜಾಗ ಬೇರೆ: ಬೇಗ ನಿಲ್ಲಿಸಿಬಿಡುವುದು. ಪಟ್ಟಿಯಲ್ಲಿ ಮೊದಲು ಬರುವ ಐದಾರು ಎಲ್ಲರಿಗೂ ಹೊಳೆಯುವಂಥವು, ಯಾಕೆಂದರೆ ನೆನಪಿನಲ್ಲಿ ಮೇಲೆ ಇರುವುದೇ ಮೊದಲು ಕೈಗೆ ಸಿಗುತ್ತದೆ. ಮುಂದೆ ಹೋದಷ್ಟೂ ಯೋಚನೆಗಳು ಅಪರೂಪದವಾಗುತ್ತವೆ ಅನ್ನುವುದನ್ನು ಮನಶ್ಶಾಸ್ತ್ರಜ್ಞ ಗಿಲ್‌ಫರ್ಡ್ ಮತ್ತು ಜೊತೆಗಾರರು 1957ರಲ್ಲೇ ಕಂಡಿದ್ದರು. 2020ರಲ್ಲಿ ಲೂಕಸ್ ಮತ್ತು ನಾರ್ಡ್‌ಗ್ರೆನ್ ಇದಕ್ಕೊಂದು ಮುಖ್ಯ ಅಂಶ ಸೇರಿಸಿದರು. ಹೊತ್ತು ಹೋದಂತೆ ತಮ್ಮ ಯೋಚನೆಯ ಗುಣ ಇಳಿಯುತ್ತಿದೆ ಅಂತ ಜನ ನಂಬುತ್ತಾರೆ, ನಿಜದಲ್ಲಿ ಅದು ಹಾಗೇ ಉಳಿಯುತ್ತದೆ ಅಥವಾ ಏರುತ್ತದೆ. ಯೋಚನೆ ಕಷ್ಟವಾಗುವುದನ್ನೇ ನಾವು ಯೋಚನೆ ಕೆಡುವುದು ಅಂದುಕೊಳ್ಳುತ್ತೇವೆ.

ಹಾಗಾಗಿ ಕಾಗದದ ಮೇಲೆ 1ರಿಂದ 20ರವರೆಗೆ ಮೊದಲೇ ಅಂಕಿ ಬರೆದುಕೊಳ್ಳಿ. ಇಪ್ಪತ್ತು ನಿಮಿಷ. ತುಂಬುವವರೆಗೆ ಏಳಬೇಡಿ. ಎಂಟರಿಂದ ಹನ್ನೆರಡರ ನಡುವೆ ಒಂದು ಬರಡು ಬರುತ್ತದೆ, ಅಲ್ಲಿ ಫೋನ್ ಕೈಗೆ ತೆಗೆದುಕೊಳ್ಳುವ ಆಸೆ ಬಲವಾಗುತ್ತದೆ. ಫೋನ್ ಇನ್ನೊಂದು ಕೋಣೆಯಲ್ಲಿರಲಿ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಡೋಣ. ಒಂದು ದರ್ಶಿನಿ. ಬೆಳಿಗ್ಗೆ 8ರಿಂದ 9ರ ತನಕ ಸಾಲು ಬಾಗಿಲು ದಾಟಿ ಫುಟ್‌ಪಾತಿಗೆ ಬರುತ್ತದೆ, ಕಾಫಿ ಕುಡಿಯಲು ಬಂದವರು ನೋಡಿ ವಾಪಸು ಹೋಗುತ್ತಾರೆ. "ವ್ಯಾಪಾರ ಹೇಗೆ ಹೆಚ್ಚಿಸುವುದು" ಅನ್ನುವುದು ಪ್ರಶ್ನೆಯೇ ಅಲ್ಲ, ಅದಕ್ಕೆ ಯಾರ ತಲೆಯೂ ಓಡುವುದಿಲ್ಲ. "8ರಿಂದ 9ರ ನಡುವೆ ಸಾಲು ಅರ್ಧ ಆಗಬೇಕು, ಹೊಸ ಆಳು ಇಲ್ಲ, ಜಾಗ ಹೆಚ್ಚಿಸುವಂತಿಲ್ಲ" ಅನ್ನುವುದು ಪ್ರಶ್ನೆ. ಒಂದು ಘಂಟೆಯ ಲೆಕ್ಕ, ಒಂದು ಅಳತೆ, ಎರಡು ಕಟ್ಟು, ಅಂದರೆ ನಿರ್ಬಂಧ.

ಮೊದಲ ಐದು ಊಹಿಸಬಹುದು: ಇನ್ನೊಂದು ಕೌಂಟರು, ಆ್ಯಪು, ಟೋಕನ್ ಯಂತ್ರ, ಕ್ಯೂಆರ್ ಫಲಕ ದೊಡ್ಡದು ಮಾಡುವುದು, ಬೇಗ ಕೆಲಸ ಮಾಡಿ ಅಂತ ಹುಡುಗರಿಗೆ ಹೇಳುವುದು. ಇಲ್ಲಿ ನಿಲ್ಲಿಸಿದರೆ ಐದರಲ್ಲಿ ಹೆಚ್ಚಿನವು ದುಡ್ಡು ಕೇಳುತ್ತವೆ, ಒಂದು ಜಗಳ ತರುತ್ತದೆ. ಮುಂದೆ ಹೋದರೆ ಯಾರೋ ಒಬ್ಬರು ಬರೆಯುತ್ತಾರೆ: ಸಾಲು ಇರುವುದು ಕಾಫಿಯ ಮುಂದೆಯೋ, ಬಿಲ್ಲಿನ ಮುಂದೆಯೋ? ಇದು ಐಡಿಯಾ ಅಲ್ಲ, ಪ್ರಶ್ನೆ. ಆದರೆ ಪಟ್ಟಿಯಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಲು ಬಹುಶಃ ಬರುವುದಿಲ್ಲ. ಮಾರನೆಯ ದಿನ ಗಡಿಯಾರ ಹಿಡಿದು ಹದಿನೈದು ನಿಮಿಷ ನಿಂತು, ಒಬ್ಬೊಬ್ಬರು ಬಿಲ್ಲಿನ ಮುಂದೆ ಎಷ್ಟು ಸೆಕೆಂಡು, ಕಾಫಿಯ ಮುಂದೆ ಎಷ್ಟು ಸೆಕೆಂಡು ನಿಂತರು ಅಂತ ಗುರುತು ಹಾಕಿದರೆ ಉತ್ತರ ಸಿಗುತ್ತದೆ. ತಡ ಬಿಲ್ಲಿನಲ್ಲಿದ್ದರೆ 13, 14, 15ನೆಯ ಸಾಲುಗಳು ಬೇರೆಯೇ ಜಾತಿಯವಾಗುತ್ತವೆ: ಚಿಲ್ಲರೆ ಬೇಡದ ಹಾಗೆ ಬೆಲೆಯನ್ನು ಸಮ ಮಾಡುವುದು, ದಿನಾ ಬರುವವರಿಗೆ ಹತ್ತು ಕಾಫಿಯ ಟೋಕನ್ನನ್ನು ಸಂಜೆ ಬಿಡುವಿನ ಹೊತ್ತಲ್ಲಿ ಮಾರಿಬಿಡುವುದು, ಬೆಳಿಗ್ಗೆ ಅವರು ನೇರ ಕಾಫಿಗೆ ಹೋಗುವಂತೆ, ಏನಿದೆ ಅಂತ ಕೇಳುವುದು ತಪ್ಪಲಿ ಅಂತ ಆ ದಿನದ ತಿಂಡಿಯ ಬೋರ್ಡನ್ನು ಬಿಲ್ ಮಾಡುವವರ ತಲೆಯ ಮೇಲಿಂದ ತೆಗೆದು ಬಾಗಿಲ ಹತ್ತಿರ ಇಡುವುದು.

ಕಟ್ಟು ಹಾಕಿದರೆ ಯೋಚನೆ ಹರಿಯುತ್ತದೆ

"ಹೊಸ ಆಳು ಇಲ್ಲ, ಜಾಗ ಇಲ್ಲ" ಅನ್ನುವ ಕಟ್ಟು ಯೋಚನೆಗೆ ಅಡ್ಡಿಯಾಗಲಿಲ್ಲ, ಅದೇ ದಾರಿ ತೋರಿಸಿತು. ಪೂರ್ತಿ ಸ್ವಾತಂತ್ರ್ಯ ಕೊಟ್ಟರೆ ಸೃಜನಶೀಲತೆ ಅರಳುತ್ತದೆ ಅನ್ನುವ ಮಾತು ಬಹಳ ಕೇಳಿದ್ದೇವೆ. ಕನ್ನಡಿಗರ ಕಣ್ಣೆದುರೇ ಇದಕ್ಕೆ ಪ್ರಬಲವಾದ ಉತ್ತರ ಇದೆ: ಅಷ್ಟಾವಧಾನ. ಶತಾವಧಾನಿ ಆರ್. ಗಣೇಶ್ ಅವರು ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿ ಕನ್ನಡದಲ್ಲಿ ಮತ್ತೆ ಬೆಳೆಸಿದ ಕಲೆ ಅದು.

ವೇದಿಕೆಯ ಮೇಲೆ ಅವಧಾನಿ, ಸುತ್ತ ಎಂಟು ಪೃಚ್ಛಕರು, ಅಂದರೆ ಸವಾಲು ಹಾಕುವವರು. ಅವಧಾನಿಯ ಕೈಯಲ್ಲಿ ಕಾಗದ ಪೆನ್ನು ಇಲ್ಲ. ನಿಷೇಧಾಕ್ಷರಿಯ ಪೃಚ್ಛಕರು ಒಂದು ವಸ್ತು ಕೊಟ್ಟು ಪದ್ಯ ಕೇಳುತ್ತಾರೆ, ಆದರೆ ಅವಧಾನಿ ಒಂದೊಂದು ಅಕ್ಷರ ಹೇಳಿದಾಗಲೂ ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದನ್ನು ಬಳಸಬಾರದು ಅನ್ನುತ್ತಾರೆ. ಮೊದಲು ನಾಲಿಗೆಗೆ ಬಂದ ಪದ ಅಲ್ಲಿಗೆ ಸತ್ತಿತು, ಇನ್ನೊಂದು ದಾರಿ ಹುಡುಕಲೇಬೇಕು. ದತ್ತಪದಿಯಲ್ಲಿ ನಾಲ್ಕು ಪದ ಕೊಡುತ್ತಾರೆ, ಹಲವು ಸಲ ವಸ್ತುವಿಗೆ ಸಂಬಂಧವೇ ಇಲ್ಲದ ಪರಭಾಷೆಯ ಪದಗಳು, ಅವು ಸಾಲಿಗೊಂದರಂತೆ ಪದ್ಯದೊಳಗೆ ಕರಗಬೇಕು. ಸಮಸ್ಯೆಯಲ್ಲಿ ಅರ್ಥವೇ ಕೆಟ್ಟಂತಿರುವ ಕೊನೆಯ ಸಾಲು ಕೊಡುತ್ತಾರೆ, ಮೇಲಿನ ಮೂರು ಸಾಲು ಕಟ್ಟಿ ಅದನ್ನು ಸರಿಯಾಗಿಸಬೇಕು. ನಡುವೆ ಅಪ್ರಸ್ತುತಪ್ರಸಂಗಿ ಸಂಬಂಧವಿಲ್ಲದ ಪ್ರಶ್ನೆ ಎಸೆಯುತ್ತಲೇ ಇರುತ್ತಾರೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಈ ಪದ್ಯಗಳು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಒಂದು ಸುತ್ತಿನಲ್ಲಿ ಒಂದು ಸಾಲು. ಆಮೇಲೆ ಬೇರೆ ಪೃಚ್ಛಕರು, ಬೇರೆ ಪದ್ಯ, ಚೌಕದ ಮನೆಗಳಿಗೆ ಅಂಕಿ ತುಂಬುವ ಸಂಖ್ಯಾಬಂಧದ ಲೆಕ್ಕ, ಒಂದು ನಗೆಮಾತು. ಮುಂದಿನ ಸುತ್ತಿನಲ್ಲಿ ಮತ್ತೆ ಅದೇ ಪದ್ಯದ ಎರಡನೆಯ ಸಾಲು. ಬಿಟ್ಟು, ಬೇರೆ ಕೆಲಸಕ್ಕೆ ಹೋಗಿ, ಮರಳಿ ಬರುವುದು ಕಲೆಯ ಚೌಕಟ್ಟಿನಲ್ಲೇ ಹೊಲಿದುಬಿಟ್ಟಿದೆ. ಹಿಂದೆ ದಶಕಗಳ ಓದು, ಛಂದಸ್ಸಿನ ಅಭ್ಯಾಸ, ನೆನಪಿನ ಸಾಧನೆ ಇಲ್ಲದೆ ಇದು ಯಾರಿಗೂ ಸಾಧ್ಯವಿಲ್ಲ, ನಿಜ. ಆದರೆ ನಿಷೇಧಾಕ್ಷರಿಯ ತತ್ವವನ್ನು ನಮ್ಮ ಕೆಲಸಕ್ಕೆ ತರಬಹುದು. ಜಾಹೀರಾತು ಬರೆಯುವಾಗ "ಉತ್ತಮ, ಗುಣಮಟ್ಟ, ವಿಶ್ವಾಸ" ಈ ಮೂರು ಪದ ನಿಷಿದ್ಧ ಅನ್ನಿ. ಪಾಠ ಮಾಡುವಾಗ ಇವತ್ತು ಬೋರ್ಡು ನಿಷಿದ್ಧ. ವಾರದಲ್ಲಿ ಒಂದು ದಿನ ಸಾರಿಗೆ ತೊಗರಿಬೇಳೆ ನಿಷಿದ್ಧ. ದಿನಾ ಕೈ ಹೋಗುವ ಜಾಗವನ್ನು ಮುಚ್ಚಿದರೆ ಸಾಕು. ಆದರೆ ಕಟ್ಟು ಒಂದೋ ಎರಡೋ ಇರಬೇಕು. ಐದಾದರೆ ಉಸಿರುಗಟ್ಟುತ್ತದೆ.

ಮನೆಯ ಅಂಗಳದಲ್ಲೂ ಇದು ಇದೆ. ಏಳು ಚುಕ್ಕಿಯಿಂದ ನಾಲ್ಕರವರೆಗೆ ಸಂದು ಚುಕ್ಕಿ ಇಟ್ಟರೆ ನಡುವೆ ಏಳು, ಮೇಲೆ ಕೆಳಗೆ ಆರು, ಐದು, ನಾಲ್ಕು, ಒಟ್ಟು 37 ಚುಕ್ಕಿ. ಅದರಲ್ಲಿ ಹೂವೂ ಬರುತ್ತದೆ, ದೀಪವೂ ಬರುತ್ತದೆ, ಹಕ್ಕಿಯೂ ಬರುತ್ತದೆ. ಖಾಲಿ ಅಂಗಳ ಕೊಟ್ಟು ಏನಾದರೂ ಬಿಡಿಸು ಅಂದರೆ ಹಿಂಜರಿಯುವ ಮಗು ಈ 37 ಚುಕ್ಕಿಯ ಮುಂದೆ ಕೂತುಬಿಡುತ್ತದೆ. ಮಕ್ಕಳಿಗೆ ಅಭ್ಯಾಸ ಮಾಡಿಸುವುದಾದರೆ ಅದೇ ಚುಕ್ಕಿಗಳಲ್ಲಿ ಮೂರು ದಿನ ಮೂರು ಬೇರೆ ರಂಗೋಲಿ ಕೇಳಿ, ಮೂರನೆಯ ದಿನ ಹೂವು ಬೇಡ ಅನ್ನಿ.

ಎದ್ದು ಹೋಗುವುದೂ ಕೆಲಸ

ಅವಧಾನದ ಆ ಬಿಡುವಿಗೆ ಪ್ರಯೋಗಗಳ ಬೆಂಬಲವೂ ಇದೆ. ಸ್ಟ್ಯಾನ್‌ಫರ್ಡಿನ ಒಪೆಜೊ ಮತ್ತು ಶ್ವಾರ್ಟ್ಸ್ 2014ರಲ್ಲಿ ತೋರಿಸಿದಂತೆ, ನಡೆಯುವಾಗ ದಿನಬಳಕೆಯ ವಸ್ತುವಿಗೆ ಹೊಸ ಹೊಸ ಉಪಯೋಗ ಹುಡುಕುವ ಯೋಚನೆ ಕೂತಿದ್ದಾಗಿನದಕ್ಕಿಂತ ಸರಾಸರಿ ಶೇ. 60ರಷ್ಟು ಹೆಚ್ಚಿತು. ಖಾಲಿ ಗೋಡೆಗೆ ಮುಖ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆದರೂ ಫಲ ಸಿಕ್ಕಿತು, ಅಂದರೆ ಹಸಿರು ಗಾಳಿಗಿಂತ ನಡಿಗೆಯೇ ಮುಖ್ಯ. ಒಂದೇ ಸರಿಯುತ್ತರ ಇರುವ ಪದಗಳ ಒಗಟಿಗೆ ಮಾತ್ರ ನಡಿಗೆ ನೆರವಾಗಲಿಲ್ಲ. ಹಾಗಾಗಿ ಪಟ್ಟಿ ಮಾಡುವ ಮೊದಲು ನಡೆಯಿರಿ, ಪಟ್ಟಿಯಿಂದ ಆರಿಸುವಾಗ ಕೂತುಕೊಳ್ಳಿ.

ನಿದ್ದೆಯ ಅಂಚಿನ ಬಗ್ಗೆ 2021ರಲ್ಲಿ ಪ್ಯಾರಿಸಿನಲ್ಲಿ ನಡೆದ ಪ್ರಯೋಗ ಕುತೂಹಲಕರ. ಒಳಗೊಂದು ಗುಪ್ತ ನಿಯಮ ಇರುವ ಲೆಕ್ಕ ಕೊಟ್ಟು, ನಡುವೆ 20 ನಿಮಿಷ ಒರಗಲು ಬಿಟ್ಟರು, ಕೈಯಲ್ಲಿ ಒಂದು ಲೋಟ. ನಿದ್ದೆ ಹತ್ತಿದರೆ ಲೋಟ ಬಿದ್ದು ಎಚ್ಚರವಾಗಬೇಕು. ಜೊಂಪಿನ ಮೊದಲ ಹಂತದಲ್ಲಿ ಹದಿನೈದು ಸೆಕೆಂಡಾದರೂ ಇದ್ದವರಲ್ಲಿ ಶೇ. 83 ಮಂದಿ ನಿಯಮ ಕಂಡುಕೊಂಡರು. ಎಚ್ಚರವಿದ್ದವರಲ್ಲಿ ಶೇ. 30, ಇನ್ನೂ ಆಳಕ್ಕೆ ಜಾರಿದವರಲ್ಲಿ ಶೇ. 14. ಇದು ಒಂದೇ ಪ್ರಯೋಗ, ಒಂದೇ ಬಗೆಯ ಲೆಕ್ಕ. ಮಧ್ಯಾಹ್ನದ ಜೊಂಪಿನಿಂದ ಎದ್ದವರು ಫೋನ್ ನೋಡುವ ಮೊದಲು ಎರಡು ಸಾಲು ಗೀಚಿಕೊಳ್ಳುವುದರಿಂದ ನಷ್ಟವಂತೂ ಇಲ್ಲ.

ಈ ಬಿಡುವು ಕೆಲಸ ಮಾಡುವುದು ಮೊದಲು ತಲೆ ಕೆರೆದುಕೊಂಡಿದ್ದರೆ ಮಾತ್ರ. ಪ್ರಶ್ನೆಯನ್ನು ಒಳಗೆ ಹಾಕದೆ ನಡೆದರೆ ಅದು ಬರೀ ವಾಯುವಿಹಾರ. ಬಿಡುವಿನಲ್ಲಿ ರೀಲ್ಸ್ ನೋಡಿದರೆ ಅದು ಬಿಡುವೇ ಅಲ್ಲ. ಪಾತ್ರೆ ತೊಳೆಯುವುದು, ಬಟ್ಟೆ ಮಡಚುವುದು, ಸೊಪ್ಪು ಸೋಸುವುದು, ಬಸ್ಸಿಗೆ ಕಾಯುವುದು ಇಂಥ ಕೈಗೆ ಕೆಲಸವಿದ್ದು ತಲೆಗೆ ಬಿಡುವಿರುವ ಹೊತ್ತುಗಳನ್ನೆಲ್ಲ ನಾವು ಫೋನಿಗೆ ಕೊಟ್ಟುಬಿಟ್ಟಿದ್ದೇವೆ. ದಿನಕ್ಕೆ ಅದರಲ್ಲಿ ಒಂದನ್ನಾದರೂ ವಾಪಸು ಪಡೆಯಬೇಕು.

ಎಐ ಯಾವಾಗ?

ಕೊನೆಯಲ್ಲಿ, ಅಥವಾ ಕೊನೆಗೆ ಹತ್ತಿರ. ಕಾರಣ ಎರಡು. ಮೊದಲನೆಯದು, ನೋಡಿದ ಮಾದರಿ ಕಣ್ಣಿಂದ ಹೋಗುವುದಿಲ್ಲ. 1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ಎಂಬ ಸಂಶೋಧಕರು ಚೆಲ್ಲದ ಕಾಫಿ ಲೋಟವನ್ನು ವಿನ್ಯಾಸ ಮಾಡಲು ಕೊಟ್ಟು, ಸ್ಟ್ರಾ ಇರುವ ಒಂದು ಮಾದರಿ ತೋರಿಸಿ, ಸ್ಟ್ರಾ ಬಳಸಬೇಡಿ ಎಂದೇ ಹೇಳಿದ್ದರು. ಆದರೂ ಹಲವರ ಚಿತ್ರಗಳಲ್ಲಿ ಸ್ಟ್ರಾ ಬಂತು. ಎಐ ಕೊಟ್ಟ ಹತ್ತು ಸಾಲನ್ನು ಮೊದಲೇ ಓದಿದವರ ಗತಿಯೂ ಅದೇ.

ಎರಡನೆಯದು, ಎಲ್ಲರೂ ಒಂದೇ ಬಾವಿಯಿಂದ ಸೇದುತ್ತಿದ್ದೇವೆ. 2024ರಲ್ಲಿ ದೋಶಿ ಮತ್ತು ಹೌಸರ್ ಸುಮಾರು 300 ಜನರಿಂದ ಎಂಟು ವಾಕ್ಯಗಳ ಕತೆ ಬರೆಸಿದರು, ಕೆಲವರಿಗೆ ಎಐ ಐಡಿಯಾ ಕೊಟ್ಟು, ಕೆಲವರಿಗೆ ಕೊಡದೆ. ಎಐ ನೆರವು ಪಡೆದ ಕತೆಗಳು ಒಂದೊಂದಾಗಿ ನೋಡಿದರೆ ಓದುಗರಿಗೆ ಹೆಚ್ಚು ಮೆಚ್ಚುಗೆಯಾದವು, ಅದರಲ್ಲೂ ಸೃಜನಶೀಲತೆಯ ಪರೀಕ್ಷೆಯಲ್ಲಿ ಹಿಂದಿದ್ದವರಿಗೆ ಲಾಭ ಹೆಚ್ಚು. ಒಟ್ಟು ರಾಶಿ ನೋಡಿದರೆ ಆ ಕತೆಗಳು ಒಂದಕ್ಕೊಂದು ಹೆಚ್ಚು ಹೋಲುತ್ತಿದ್ದವು. ಒಬ್ಬರಿಗೆ ಲಾಭ, ಊರಿಗೆ ನಷ್ಟ. ಹಬ್ಬದ ಶುಭಾಶಯ, ಶಾಲೆಯ ವಾರ್ಷಿಕೋತ್ಸವದ ಭಾಷಣ, ಅಂಗಡಿಯ ಜಾಹೀರಾತು ಓದುತ್ತಿರುವ ಕನ್ನಡ ಓದುಗರಿಗೆ ಇದರ ವಾಸನೆ ಈಗಾಗಲೇ ಬಡಿದಿದೆ. ವಾಕ್ಯಗಳು ಕನ್ನಡ ಲಿಪಿಯಲ್ಲಿರುತ್ತವೆ, ನಡಿಗೆ ಇಂಗ್ಲಿಷಿನದು. ಒಂದು ಊರಿನ ಹಬ್ಬಕ್ಕೂ ಇನ್ನೊಂದು ಊರಿನ ಹಬ್ಬಕ್ಕೂ ವ್ಯತ್ಯಾಸವೇ ಉಳಿಯದ ಹಾಗೆ ಬರೆಯುವುದು ಸಣ್ಣ ಹಾನಿಯಲ್ಲ.

ಯಂತ್ರವನ್ನು ಬಿಡಬೇಕಾಗಿಲ್ಲ. ನಿಮ್ಮ ಇಪ್ಪತ್ತು ಮುಗಿದ ಮೇಲೆ ಪೂರ್ತಿ ಪಟ್ಟಿಯನ್ನೂ ಕಟ್ಟುಗಳನ್ನೂ ಅದಕ್ಕೆ ಕೊಟ್ಟು, "ಇದರಲ್ಲಿ ಇಲ್ಲದ್ದನ್ನು ಮಾತ್ರ ಹೇಳು" ಅನ್ನಿ. ಆಮೇಲೆ "7ನೆಯದು ಎಲ್ಲಿ ಕುಸಿಯುತ್ತದೆ, ಮೂರು ಕಾರಣ ಕೊಡು" ಅನ್ನಿ. ಐಡಿಯಾ ಹೇಳಿಸುವುದಕ್ಕಿಂತ ಆಕ್ಷೇಪ ಹೇಳಿಸುವುದರಲ್ಲಿ ಅದರ ಉಪಯೋಗ ಹೆಚ್ಚು. ದರ್ಶಿನಿಯ ಪ್ರಶ್ನೆಗೆ ಆಸ್ಪತ್ರೆಯ ಓಪಿಡಿ, ರೈಲ್ವೆ ಟಿಕೆಟ್ ಕಿಟಕಿ, ದೇವಸ್ಥಾನದ ಪ್ರಸಾದದ ಸಾಲು ಹೇಗೆ ನಡೆಯುತ್ತವೆ ಅಂತ ಕೇಳಿದರೆ ದೂರದ ಹೋಲಿಕೆಗಳು ಸಿಗುತ್ತವೆ. ಗುಂಪಿನಲ್ಲಾದರೆ ಒಬ್ಬರೇ, ಎಲ್ಲರ ಹಾಳೆ ಒಟ್ಟಾದ ಮೇಲೆ ಒಂದೇ ಸಲ ಕೇಳಲಿ.

ಆರಿಸುವ ದಿನ ಬೇರೆ

ಹುಟ್ಟಿಸಿದ ದಿನವೇ ಆರಿಸಬೇಡಿ. ದಣಿದ ತಲೆ ಸುಲಭವಾದದ್ದಕ್ಕೇ ಕೈ ಹಾಕುತ್ತದೆ, ಅಪರೂಪದ್ದನ್ನು ಬದಿಗೆ ತಳ್ಳುತ್ತದೆ. ಒಂದು ರಾತ್ರಿ ಕಳೆಯಲಿ. ಮರುದಿನ ಪಟ್ಟಿಯಿಂದ ಮೂರು ತೆಗೆಯಿರಿ: ನಾಳೆಯೇ ಮಾಡಬಹುದಾದ ಒಂದು, ಎಲ್ಲರಿಗೂ ಸ್ವಲ್ಪ ಭಯ ಹುಟ್ಟಿಸುವ ಒಂದು, ನಡುವಿನದೊಂದು. ಒಂದೊಂದಕ್ಕೂ ಎಷ್ಟು ಸಣ್ಣದಾಗಿ ಪರೀಕ್ಷಿಸಬಹುದು ಅಂತ ಲೆಕ್ಕ ಹಾಕಿ. ಹತ್ತು ಕಾಫಿಯ ಟೋಕನ್ ಅಚ್ಚು ಹಾಕಿಸುವ ಮೊದಲು ಬಣ್ಣದ ಕಾಗದ ಕತ್ತರಿಸಿ ಸೀಲು ಒತ್ತಿ, ದಿನಾ ಬರುವ ಇಪ್ಪತ್ತು ಜನರಿಗೆ ಒಂದು ವಾರ ಕೊಟ್ಟು ನೋಡಬಹುದು. ಶುರು ಮಾಡುವ ದಿನ ಮತ್ತು ವಾರ ಕಳೆದು ಅದೇ ವಾರ ಬಂದಾಗ, ಅದೇ ಹೊತ್ತಿಗೆ ಸಾಲಿನಲ್ಲಿರುವ ತಲೆ ಎಣಿಸಿ. ಸೋಮವಾರವನ್ನು ಭಾನುವಾರದ ಜೊತೆ ಹೋಲಿಸಬೇಡಿ, ರಜೆಯ ದಿನದ ಜನವೇ ಬೇರೆ. ಸೋಮವಾರಕ್ಕೆ ಮುಂದಿನ ಸೋಮವಾರವೇ ಸರಿ.

ಉಳಿದ ಹಾಳೆಗಳನ್ನು ಎಸೆಯಬೇಡಿ. ಪ್ರತಿಯೊಂದರ ಮೇಲೆ ದಿನಾಂಕ ಹಾಕಿ, ಬಿಟ್ಟ ಸಾಲುಗಳ ಪಕ್ಕ ಯಾಕೆ ಬಿಟ್ಟೆವು ಅಂತ ಎರಡು ಮೂರು ಪದದಲ್ಲಿ ಬರೆದಿಡಿ: "ದುಡ್ಡಿಲ್ಲ", "ಮಾಲೀಕರು ಒಪ್ಪಲಿಲ್ಲ", "ಮಳೆಗಾಲ". ಆರು ತಿಂಗಳಿಗೊಮ್ಮೆ ಆ ಫೈಲು ತೆಗೆದು ಐಡಿಯಾಗಳನ್ನಲ್ಲ, ಆ ಕಾರಣಗಳನ್ನು ಮಾತ್ರ ಓದಿ. ಯಾವ ಕಾರಣ ಈಗ ಇಲ್ಲವೋ ಅದರ ಮುಂದಿನ ಸಾಲನ್ನು ಹೊಸ ಹಾಳೆಯ ಮೊದಲ ಮನೆಗೆ ಬರೆದುಕೊಳ್ಳಿ.